ಮುಸ್ತಫಾನನ್ನು ಮಕ್ಕಳಿಗೆ ತೋರಿಸಿ

ಮಾನ್ಯರೇ,

ಶಶಾಂಕ್ ಸೋಗಾಲ್ ನಿರ್ದೇಶನದ ‘ಡೇರ್‌ಡೆವಿಲ್ ಮುಸ್ತಫಾ’ 2023ರಲ್ಲಿ ಬಂದಾಗ ನಾನು ನೋಡಿದ ಆಟಕ್ಕೆ ಇದ್ದವರು ಇಪ್ಪತ್ತೇ ಜನ. ಬೇಜಾರಾಯಿತು. ಪೂರ್ಣಚಂದ್ರ ತೇಜಸ್ವಿಯವರ ಕತೆ, ಅವರ ಓದುಗರೇ ದುಡ್ಡು ಹಾಕಿ ಮಾಡಿದ ಸಿನಿಮಾ. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬರುತ್ತಾನೆ. ಅನುಮಾನ, ಜಗಳ, ಆಮೇಲೊಂದು ಕ್ರಿಕೆಟ್ ಪಂದ್ಯ. ಎಲ್ಲೂ ಉಪದೇಶವಿಲ್ಲ, ನಗುವೇ ಜಾಸ್ತಿ.

ಮೊನ್ನೆ ಪಿಯುಸಿ ಓದುವ ಮಗನ ಜೊತೆ ಮತ್ತೆ ನೋಡಿದೆ. ಮೊಬೈಲು ಮಗುಚಿಟ್ಟು ಕೂತವನು ಬಿದ್ದು ಬಿದ್ದು ನಕ್ಕ. ರಾತ್ರಿ ಕಪಾಟಿನಿಂದ ‘ಅಬಚೂರಿನ ಪೋಸ್ಟಾಫೀಸು’ ತೆಗೆದು ಅದೇ ಕತೆ ಹುಡುಕಿದ. ಓದು ಅಂತ ಎಷ್ಟು ಸಲ ಹೇಳಿದ್ದೆನೋ! ಪಿಯು ಕಾಲೇಜುಗಳು ಒಂದು ಶನಿವಾರ ಮಧ್ಯಾಹ್ನ ಇದನ್ನು ಮಕ್ಕಳಿಗೆ ತೋರಿಸಬಹುದಲ್ವಾ?

– ಒಬ್ಬ ತಾಯಿ, ಅರಸೀಕೆರೆ