ಮಣಿಕಟ್ಟು ಹಿಡಿದುಕೋ

ಚಿ. ರಘುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ತೋಟದ ವಿಷಯವೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಕೊನೆಯ ಸಾಲು ನನ್ನನ್ನು ಎರಡು ರಾತ್ರಿ ಮಲಗಗೊಡಲಿಲ್ಲ. ಆಂಧ್ರದ ಬೇಲಂ ಗವಿಯೊಳಗೆ ಕರೆಂಟು ಹೋಗಿ ಪುಟ್ಟಿಯ ಕೈ ತಪ್ಪಿದರೆ ಎಂದು ಬರೆದಿದ್ದೀಯ. ಹೋಗಬೇಡ ಎನ್ನಲು ಬಾಯಿ ಬರುವುದಿಲ್ಲ. ಮಕ್ಕಳು ಅದನ್ನು ನೋಡಲೇಬೇಕು.

ಆದರೆ ಅಲ್ಲಿ ಕೈ ತಪ್ಪಿಸುವುದು ಕತ್ತಲೆಗಿಂತ ಹೆಚ್ಚಾಗಿ ಬೆವರು. ಗವಿಯ ಉದ್ದ 3,229 ಮೀಟರ್. ಜನರಿಗೆ ಬಿಟ್ಟಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಕೊಳವೆಯಲ್ಲಿ ಗಾಳಿ ಬಿಟ್ಟರೂ ಒಳಗೆ ಸೆಕೆ, ತೇವ. ಸ್ವಲ್ಪ ಹೊತ್ತಿಗೇ ಅಂಗೈ ಒದ್ದೆಯಾಗಿ ಮಗುವಿನ ಬೆರಳು ಸೋಪಿನಂತೆ ಜಾರುತ್ತದೆ. ಮಣಿಕಟ್ಟು ಹಿಡಿ. ಅವಳೂ ನಿನ್ನ ಮಣಿಕಟ್ಟು ಹಿಡಿಯಲಿ. ಅಷ್ಟು ಚಿಕ್ಕ ಕೈಗೆ ಪೂರ್ತಿ ಸಿಗದು, ತೋಳಿನ ಬಟ್ಟೆ ಸೇರಿಸಿ ಹಿಡಿಯಲಿ. ಅದಕ್ಕೆ ತುಂಬು ತೋಳಿನ ಅಂಗಿಯೇ ಹಾಕಿಕೋ, ಸೆಕೆಯಾದರೂ.

ನಿನ್ನಪ್ಪನ ಕೈ ಬಿಟ್ಟವನು ನಾನು. ಮನೆಯವರಿಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯಲಾರೆ. ಅಂದು ನಾನು ಹಿಡಿದಿದ್ದು ಬೆರಳು.

ದೀಪ ಆರಿದರೆ ಏನಾಗುತ್ತದೆಂದು ಕೇಳಿದ್ದೀಯ. ಅಮಾವಾಸ್ಯೆಯ ಕತ್ತಲಿಗೆ ಕಣ್ಣು ಮೆಲ್ಲಗೆ ಹೊಂದಿಕೊಳ್ಳುತ್ತದೆ, ನಕ್ಷತ್ರದ ಬೆಳಕಾದರೂ ಇರುತ್ತದಲ್ಲ. ಗವಿಯಲ್ಲಿ ಅದೂ ಇಲ್ಲ. ಎಷ್ಟು ಹೊತ್ತು ಕಾದರೂ ಏನೂ ಕಾಣದು. ಆದ್ದರಿಂದ ನಡೆಯಬೇಡ, ಇದ್ದಲ್ಲೇ ಕೂತುಬಿಡು, ಅವಳನ್ನು ತೊಡೆಯ ಮೇಲೆ ಕೂರಿಸಿಕೋ. ಮುಖ್ಯವಾಗಿ ಗವಿಯೊಳಗೆ ನೀರು ಹರಿಯುವ ಪಾತಾಳಗಂಗೆಯ ಹತ್ತಿರ: ಆ ಜಾಗ ಗವಿಯ ಬಾಯಿಗಿಂತ 46 ಮೀಟರ್ ಕೆಳಗೆ, ಗವಿಯಲ್ಲೇ ಅತಿ ತಗ್ಗು, ಮೆಟ್ಟಿಲೆಲ್ಲ ಒದ್ದೆ. ಮೊಬೈಲ್ ಬೆಳಕನ್ನು ನಂಬಬೇಡ, ಅದನ್ನು ಹಿಡಿಯಲು ಮಗುವನ್ನು ಹಿಡಿದ ಕೈಯೇ ಬೇಕಾಗುತ್ತದೆ. ತಲೆಗೆ ಕಟ್ಟುವ ಬ್ಯಾಟರಿ ದೀಪ ಇಬ್ಬರಿಗೂ ಒಂದೊಂದು ಸಾಕು, ಹೊಸ ಸೆಲ್ ಹಾಕಿದ್ದು. ಇಷ್ಟೆಲ್ಲ ಹೇಳುತ್ತಿದ್ದೇನೆಂದು ಬೇಸರಿಸಬೇಡ. ಬಿಸಿಲಿನಿಂದ ಇಳಿದವರು ಜಾರುವುದು ಮೊದಲ ಮೆಟ್ಟಿಲುಗಳಲ್ಲೇ. ಕೆಳಗೆ ಐದು ನಿಮಿಷ ನಿಂತು, ಕಣ್ಣು ಮಂದ ಬೆಳಕಿಗೆ ಹೊಂದಿದ ಮೇಲೆ ಮುಂದೆ ಹೋಗು. ದೀಪವಿಲ್ಲದ ಪಕ್ಕದ ಕವಲುಗಳಿಗೆ ಹಣಕುವುದೂ ಬೇಡ.

ರಂಗನತಿಟ್ಟಿಗೂ ಕರೆದೊಯ್ಯುವೆನೆಂದಿದ್ದೀಯ. ಸಂತೋಷ. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ ಮೈಸೂರು ಅರಸರು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ಫೆಬ್ರವರಿ, ಮಾರ್ಚ್‌ನಲ್ಲಿ ಹೋದರೆ ಬಣ್ಣದ ಕೊಕ್ಕರೆಗಳು ಗೂಡಿನಲ್ಲಿರುತ್ತವೆ. ಮಳೆಗಾಲದಲ್ಲಿ ಕೆ.ಆರ್.ಎಸ್. ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಅಲ್ಲಿಯೂ ನನಗೆ ಅದೇ ಕೈಯ ಚಿಂತೆ. ದೋಣಿ ಹೊರಟೊಡನೆ ಮಕ್ಕಳು ನೀರಿಗೆ ಕೈ ಇಳಿಬಿಡುತ್ತಾರೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಾಣುತ್ತದೆ, ನೀರೊಳಗಿನದು ಕಾಣದು. ಅವಳನ್ನು ಅಂಚಿಗೆ ಕೂರಿಸದೆ ನಡುವೆ ಕೂರಿಸು. ಹಕ್ಕಿ ಹಾರಲೆಂದು ಚಪ್ಪಾಳೆ ತಟ್ಟುವವರಿದ್ದರೆ ತಡೆ. ತಾಯಿ ಎದ್ದರೆ ಬಿಸಿಲಿಗೆ ಮರಿಗಳು ಬಾಡುತ್ತವೆ, ಕಾಗೆ ಕಾದಿರುತ್ತದೆ.

ಮತ್ತೆ ಗವಿಯ ಮಾತಿಗೇ ಬಂದೆ. ಅವಳ ಕೊರಳಿಗೆ ಒಂದು ಸೀಟಿ ಕಟ್ಟು. ಗವಿಯಲ್ಲಿ ದನಿ ಗೋಡೆಗೆ ಬಡಿದು ಎಲ್ಲ ಕಡೆಯಿಂದ ಬಂದಂತೆ ಕೇಳುತ್ತದೆ, ಇಬ್ಬರೂ ಹುಡುಕಲು ಹೊರಟರೆ ದೂರವಾಗುತ್ತೀರಿ. ಅವಳು ಕೂತು ಊದಬೇಕು, ನೀನೊಬ್ಬನೇ ಹೋಗಬೇಕು. ಹೊರಡುವ ಮೊದಲು ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಇದನ್ನು ಆಡಿಸು.

ನಿನ್ನ ದೊಡ್ಡಪ್ಪ