ಶ್ರುತಿ ಸೇರುವ ತನಕ

ಜೂನ್ ಬಂತೆಂದರೆ ಊರಿನಿಂದ ದೂರ ನೆಲೆಸಿರುವ ನಮ್ಮ ಸಂಘದ ಎಷ್ಟೋ ಮನೆಗಳು ಊರಿನ ದಾರಿ ಹಿಡಿಯುತ್ತವೆ. ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಸಿಗುವುದು ಎರಡು ಮೂರು ವಾರ. ನೆಂಟರ ಮನೆ, ಬ್ಯಾಂಕು, ಜಮೀನಿನ ಕಾಗದಪತ್ರ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ನೆಮ್ಮದಿಗೆಂದು ಹೋದವರು ದಣಿದು ಹಿಂತಿರುಗುವುದನ್ನು ಕಂಡಾಗ ಬೇಸರವಾಗುತ್ತದೆ. ಕಿವಿಗೋ ಕೈಗೋ ಒಂದೇ ಒಂದು ಸಣ್ಣ ಕೆಲಸ ಕೊಟ್ಟು ಅರ್ಧ ಗಂಟೆ ಕೂತರೆ ಮನಸ್ಸು ತಾನಾಗಿ ತಿಳಿಯಾಗುತ್ತದೆ. ಅಂಥ ಕೆಲಸಗಳಲ್ಲಿ ತಂಬೂರಿ ಶ್ರುತಿ ಮಾಡುವುದಕ್ಕೆ ನಮ್ಮ ಮೊದಲ ಮಣೆ. ಅದನ್ನು ಹೊರಡುವ ಮೊದಲೇ, ಇಲ್ಲಿಯ ಮನೆಯಲ್ಲೇ ಶುರುಮಾಡಬಹುದು.

ತಂಬೂರಿಗೆ ನಾಲ್ಕೇ ತಂತಿ: ಪಂಚಮ (ಪ), ನಡುವೆ ಎರಡು ಷಡ್ಜ (ಸ), ಕೊನೆಗೆ ಮಂದ್ರ ಷಡ್ಜ (ಕೆಳಗಿನ ಸ). ಮೊದಲು ತಂತಿಗಳನ್ನು ಹೊತ್ತ ಕುದುರೆಯ ಮೇಲಿನ, ನಾದ ಅರಳಿಸುವ ಜೀವಾಳದ ದಾರಗಳನ್ನು ಪಕ್ಕಕ್ಕೆ ಸರಿಸಿ, ಅದರ ಕೆಳಗೆ ತಂತಿಗೆ ಪೋಣಿಸಿದ ಮಣಿಗಳನ್ನು ನಡುವಿಗೆ ತಂದು ನಿಲ್ಲಿಸಿ. ನಡುವಿನ ಎರಡು ತಂತಿಗಳನ್ನು ಶ್ರುತಿಪೆಟ್ಟಿಗೆಯ ಷಡ್ಜಕ್ಕೆ ಸೇರಿಸಿ, ಆಮೇಲೆ ಮಂದ್ರ, ಕೊನೆಗೆ ಪಂಚಮ. ತಂತಿ ಬಿಗಿಯುವ ಬಿರಡೆಯನ್ನು ಒಳಕ್ಕೆ ಒತ್ತುತ್ತಲೇ ತಿರುಗಿಸಬೇಕು. ಸ್ವರ ಮೀರಿ ಹೋಯಿತೆಂದರೆ ಪೂರ್ತಿ ಇಳಿಸಿ, ಮತ್ತೆ ಕೆಳಗಿನಿಂದ ಏರಿಸಿ ತನ್ನಿ. ಮೇಲಿನಿಂದ ಇಳಿಸಿ ನಿಲ್ಲಿಸಿದ ತಂತಿ ಸ್ವಲ್ಪ ಹೊತ್ತಿನಲ್ಲೇ ಸಡಿಲುತ್ತದೆ. ಇನ್ನು ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿದ್ದರೆ ಅದು ಮಣಿಯ ಕೆಲಸ. ಮಣಿ ಕೆಳಕ್ಕೆ ಜಾರಿದರೆ ಸ್ವರ ಏರುತ್ತದೆ, ಕುದುರೆಯ ಕಡೆಗೆ ಬಂದರೆ ಇಳಿಯುತ್ತದೆ.

ಈಗ ಜೀವಾಳ. ಹತ್ತಿಯ ಒಂದೆಳೆ ದಾರವನ್ನು ತಂತಿಗೂ ಕುದುರೆಗೂ ನಡುವೆ ಇಟ್ಟು, ತಂತಿ ಮೀಟುತ್ತಾ ಅಕ್ಕಿಕಾಳಿನಷ್ಟೂ ದಾಟದಂತೆ ನಿಧಾನವಾಗಿ ಸರಿಸಿ. ಒಂದು ಜಾಗದಲ್ಲಿ ಮಂಕಾಗಿದ್ದ ನಾದ ಥಟ್ಟನೆ ಅರಳುತ್ತದೆ. ಆ ಜಾಗ ದಾಟಿದರೆ ಮತ್ತೆ ಕಳೆಗುಂದುತ್ತದೆ. ಎರಡೆಳೆ ದಾರ ಹಾಕಿದರೆ ಬರೀ ಕರಕರ ಕೇಳುತ್ತದೆ. ನಾಲ್ಕೂ ಸರಿಯಾಗಿ ಕೂತಾಗ ಮಂದ್ರದ ತಂತಿಯಿಂದ ಯಾರೂ ಮೀಟದ ಅಂತರ ಗಾಂಧಾರ (ಗ ಸ್ವರ) ತಾನಾಗಿ ಕೇಳಿಬರುತ್ತದೆ. ಆ ಗಾಂಧಾರ ಕಿವಿಗೆ ಬೀಳುವ ತನಕ ಏಳಬೇಡಿ. ಅದಕ್ಕಾಗಿ ಕಾಯುವ ಇಪ್ಪತ್ತು ನಿಮಿಷದಲ್ಲಿ ಆಫೀಸಿನ ಮಾತು ನೆನಪಿಗೆ ಬರುವುದು ಕಷ್ಟ. ಕಿವಿಗೆ ಬಿಡುವೇ ಇರುವುದಿಲ್ಲ.

ಮೀಟುವಾಗ ಬೆರಳಿನಿಂದ ತಂತಿಯನ್ನು ಕೊಕ್ಕೆ ಹಾಕಿ ಎಳೆಯಬಾರದು. ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು, ಬೆರಳಿನ ಮೆತ್ತನೆಯ ಬದಿಯಿಂದ ಸವರಿದಂತೆ. ತಾಳಕ್ಕೆ ಹೊಂದಿಸಲು ಹೋಗಬೇಡಿ. ಹಿಂದೋಳ, ಶ್ರೀರಂಜನಿಯಂಥ ಪಂಚಮವಿಲ್ಲದ ರಾಗ ಹಾಡುವುದಿದ್ದರೆ ಮೊದಲ ತಂತಿಯನ್ನು ಶುದ್ಧ ಮಧ್ಯಮಕ್ಕೆ (ಮ) ಇಳಿಸಿಕೊಳ್ಳಿ. ಇಲ್ಲಿ ಚಳಿಗಾಲದಲ್ಲಿ ಹೀಟರ್‌ನ ಒಣಗಾಳಿಗೆ ಮರ ಕುಗ್ಗಿ ಬಿರಡೆ ಜಾರುತ್ತದೆ; ಒಂದಿಷ್ಟು ಸೀಮೆಸುಣ್ಣ ಸವರಿದರೆ ಹಿಡಿತ ಬರುತ್ತದೆ. ಊರಿನ ಮಳೆಗಾಲದಲ್ಲಿ ಅದೇ ಬಿರಡೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಆಗ ಬಲಪ್ರಯೋಗ ಬೇಡ, ಒಂದು ದಿನ ಒಣ ಕೋಣೆಯಲ್ಲಿಡಿ.

ಊರಿಗೆ ಹೋದವರು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಅರ್ಧ ದಿನವಾದರೂ ಹೋಗಿಬನ್ನಿ. ಕಾವೇರಿ ದಡದ ಈ ಊರಿನ ಹೆಸರನ್ನು ಕರ್ನಾಟಕ ಸಂಗೀತದ ಗಾಯಕರಾದ ಆರ್.ಕೆ. ಶ್ರೀಕಂಠನ್ ಅವರೂ ರುದ್ರಪಟ್ಟಣ ಸಹೋದರರೂ ದೇಶದ ಉದ್ದಗಲಕ್ಕೆ ಕೊಂಡೊಯ್ದರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ಎದ್ದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇಲ್ಲಿದೆ. ಅದರ ಆಕಾರವೇ ತಂಬೂರಿಯದು.

ಹಾಡು ಒಲಿಯದವರಿಗೆ ಪೆನ್ಸಿಲ್ ಇದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ನೇರವಾಗಿ ಮದನಿಕೆಯ ಹೆಣ್ಣುಶಿಲ್ಪವನ್ನೇ ಬರೆಯಲು ಕೂರುವುದು. ಮುಖ ಕೆಡುತ್ತದೆ, ಪುಸ್ತಕ ಮುಚ್ಚುತ್ತಾರೆ. ಅದರ ಬದಲು ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಬಳ್ಳಿಯ ಒಂದೇ ಒಂದು ಸುರುಳಿ ಹಿಡಿಯಿರಿ. ಮೊದಲು ಬಳ್ಳಿಯ ನಡುಗೆರೆ, ಆಮೇಲೆ ಎಲೆಗಳ ನಡುವಿನ ಕಪ್ಪು ನೆರಳು, ಎಲೆ ಕೊನೆಗೆ. 2ಬಿ ಪೆನ್ಸಿಲ್, ಅಂಗೈ ಅಗಲದ ಪುಸ್ತಕ ಸಾಕು. ಬೆಳಿಗ್ಗೆ ಎಳೆಬಿಸಿಲು ಓರೆಯಾಗಿ ಬಿದ್ದಾಗ ಬಳಪದ ಕಲ್ಲಿನ ಕೆತ್ತನೆಯ ಆಳ ಸ್ಪಷ್ಟವಾಗಿ ಕಾಣುತ್ತದೆ. ಮೋಡ ಕವಿದರೆ ಗೆರೆಗಳೆಲ್ಲ ಒಂದಾಗುತ್ತವೆ. ಗೆರೆ ತಪ್ಪಿದರೆ ಅಳಿಸದೆ ಪಕ್ಕದಲ್ಲೇ ಇನ್ನೊಂದು ಎಳೆಯಿರಿ. ಕಲ್ಲಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಖಂಡಿತ ಬೇಡ. ಒಂಬೈನೂರು ವರ್ಷ ಬಾಳಿದ ಕೆತ್ತನೆ ಅದು, ಮಕ್ಕಳಿಗೂ ಹೇಳಿ.

ಜೂನ್‌ನಲ್ಲಿ ಹೋದವರಿಗೆ ಕಾಫಿ ಹೂವಿನ ಪರಿಮಳ ಸಿಗುವುದಿಲ್ಲ. ಬೇಸಿಗೆಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅದು ಅರಳಿ ಮುಗಿದಿರುತ್ತದೆ. ಆದರೆ ಸರಳೆ ಸಿಳ್ಳಾರ ಹಕ್ಕಿಯ ಹಾಡು ಸಿಗುತ್ತದೆ. ಕಡುನೀಲಿ ಮೈ, ಕಪ್ಪು ಕೊಕ್ಕು, ಕಪ್ಪು ಕಾಲಿನ ಈ ಹಕ್ಕಿ ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳಗಳ ಬದಿಯಲ್ಲಿ ಬೆಳಕು ಹರಿಯುವ ಮುನ್ನ ಹಾಡುತ್ತದೆ. ಯಾರೋ ಹುಡುಗ ಗುರಿಯಿಲ್ಲದೆ ಸಿಳ್ಳೆ ಹಾಕುತ್ತಾ ನಡೆದಂತೆ, ನೀರಿನ ಭೋರ್ಗರೆತವನ್ನು ಸೀಳಿ ಕೇಳಿಸುತ್ತದೆ. ಐದೂವರೆಯೊಳಗೆ ಹಳ್ಳದಿಂದ ಇಪ್ಪತ್ತು ಮೂವತ್ತು ಹೆಜ್ಜೆ ದೂರದಲ್ಲಿ ಕೂತಿರಿ. ತೀರಾ ಹತ್ತಿರ ಹೋದರೆ ನೀರಿನ ಸದ್ದೇ ಎಲ್ಲವನ್ನೂ ನುಂಗುತ್ತದೆ. ತೋಟದವರನ್ನು ಕೇಳಿಯೇ ಒಳಗೆ ಕಾಲಿಡಿ. ಕೊಡೆಯ ಮೇಲೆ ಬೀಳುವ ಹನಿಯ ಸಪ್ಪಳವೂ ಅಡ್ಡಿ, ತೋಟದವರ ಹಾಗೆ ಮಳೆಗೆ ಹೊದೆಯುವ ಗೊರಬು ಹೊದೆಯಿರಿ ಅಥವಾ ರೇನ್‌ಕೋಟ್ ಹಾಕಿ. ಉಂಬಳಗಳ (ಜಿಗಣೆಗಳ) ಕಾಲ ಅದು, ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಜೊತೆಗಿರಲಿ. ಮೊದಲ ದಿನ ಕೇಳಿಸದಿದ್ದರೆ ಜಾಗ ಬದಲಿಸದೆ ಮರುದಿನ ಅದೇ ಹೊತ್ತಿಗೆ ಅಲ್ಲಿಗೇ ಹೋಗಿ. ಮರಿ ಮಾಡುವ ಈ ಕಾಲದಲ್ಲಿ ಅದು ತನ್ನ ಹಳ್ಳ ಬಿಟ್ಟು ದೂರ ಹೋಗುವುದಿಲ್ಲ.