ಮನೆ ಕೆಡವುವ ಮೊದಲು ಅಳತೆ ತಗೊಳ್ಳಿ

ವಾರ್ಸಾ, ಪೋಲೆಂಡ್, ಆಗಸ್ಟ್ 3

ಅಪ್ಪನಿಗೂ ಅವ್ವನಿಗೂ ನಮಸ್ಕಾರ.

ನಾನು ಆರಾಮಾಗಿದ್ದೇನೆ. ಅವ್ವ, ಊಟದ ಚಿಂತೆ ಮಾಡಬೇಡ. ಇಲ್ಲಿ ಪಿಯೆರೋಗಿ ಅಂತ ಸಿಗುತ್ತದೆ, ಒಳಗೆ ಆಲೂಗಡ್ಡೆ ತುಂಬಿದ ಕಡುಬು. ಖಾರ ಮಾತ್ರ ಇಲ್ಲ.

ಅಪ್ಪ, ನೀವು ಫೋನಿನಲ್ಲಿ ಹಳೇ ಮನೆ ಕೆಡವುವ ಮಾತು ತೆಗೆದಾಗ ನಾನು ಸುಮ್ಮನಾದೆ. ಸಿಟ್ಟಲ್ಲ. ಏನು ಹೇಳಬೇಕು ಅಂತ ಹೊಳೆಯಲಿಲ್ಲ, ಅಷ್ಟೇ.

ಮೊನ್ನೆ 1ನೇ ತಾರೀಖು ಇಲ್ಲಿಯ ಹಳೇ ಪೇಟೆಗೆ ಹೋಗಿದ್ದೆ. ಅರಮನೆ ಮುಂದೆ ರಾಜ ಸಿಗಿಸ್ಮಂಡನ ಕಂಬ ಇದೆ. ಸಂಜೆ ಸರಿಯಾಗಿ ಐದಕ್ಕೆ ಸೈರನ್ ಕೂಗಿತು. ನಡೆಯುತ್ತಿದ್ದವರೆಲ್ಲ ಇದ್ದಲ್ಲೇ ನಿಂತರು. ಹತ್ತಿರದ ರಸ್ತೆಯ ಬಸ್ಸೂ ನಿಂತಿತು. ಒಬ್ಬ ಹುಡುಗನ ಕೈಯಲ್ಲಿ ಐಸ್‌ಕ್ರೀಮ್ ಕರಗಿ ಮೊಣಕೈವರೆಗೆ ಇಳಿಯಿತು, ಅವನು ಅಲುಗಾಡಲಿಲ್ಲ. 1944ರಲ್ಲಿ ಅದೇ ದಿನ, ಅದೇ ಹೊತ್ತಿಗೆ ಇಲ್ಲಿಯ ಜನ ಜರ್ಮನ್ನರ ಮೇಲೆ ದಂಗೆ ಎದ್ದಿದ್ದರು. 63 ದಿನ ಕಾದಾಡಿ ಸೋತರು. ಆಮೇಲೆ ಹಿಟ್ಲರನ ಸೈನಿಕರು ಉಳಿದದ್ದನ್ನೂ ಬೀದಿ ಬೀದಿಯಾಗಿ ಸುಟ್ಟು, ಸಿಡಿಮದ್ದು ಇಟ್ಟು ಉರುಳಿಸಿದರು. ಹಳೇ ಪೇಟೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹಾಳಾಯಿತು.

ಅಂದರೆ ಈಗ ಅಲ್ಲಿರುವ ಹಳದಿ, ಗುಲಾಬಿ ಬಣ್ಣದ ಮನೆಗಳಲ್ಲಿ ಹೆಚ್ಚಿನವು ಯುದ್ಧದ ನಂತರ ಕಟ್ಟಿದವು. ನಮ್ಮ ಮುತ್ತಜ್ಜನ ಮನೆಯೇ ಅವಕ್ಕಿಂತ ಹಿರಿಯದು! ಆದರೂ ಯುನೆಸ್ಕೊ 1980ರಲ್ಲಿ ಈ ಹಳೇ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೊದಲಿದ್ದ ಹಾಗೆಯೇ ಹೇಗೆ ಕಟ್ಟಿದರು ಗೊತ್ತಾ? ಯುದ್ಧಕ್ಕೆ ಮೊದಲೇ ವಾಸ್ತುಶಿಲ್ಪದ ಮೇಷ್ಟ್ರುಗಳು, ವಿದ್ಯಾರ್ಥಿಗಳು ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆದಿದ್ದರು. ಯುದ್ಧದಲ್ಲಿ ಆ ಕಾಗದಗಳನ್ನು ಬಚ್ಚಿಟ್ಟು ಉಳಿಸಿದರು. ಜೊತೆಗೆ 18ನೇ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಇಟಲಿಯ ಚಿತ್ರಗಾರ ರಾಜನಿಗಾಗಿ ಬರೆದ ಬೀದಿಗಳ ಚಿತ್ರಗಳಿದ್ದವು. ಮಣ್ಣುಗುಡ್ಡೆಯಿಂದ ಹೆಕ್ಕಿದ ಇಟ್ಟಿಗೆ, ಬೇರೆ ಊರಿನ ಪಾಳುಮನೆಗಳ ಇಟ್ಟಿಗೆ ಸೇರಿಸಿ ಕಟ್ಟಿದರು. 1953ಕ್ಕೆ ಪೇಟೆ ಚೌಕ ಎದ್ದು ನಿಂತಿತು. ಅರಮನೆಗೆ ಮಾತ್ರ 1971ರವರೆಗೆ ಕಾಯಬೇಕಾಯಿತು, ಅದಕ್ಕೆ ಜನರೇ ಹಣ ಕೂಡಿಸಿದರು. ಬೆಲ್ಲೊಟ್ಟೊ ಅಲ್ಲಲ್ಲಿ ಇದ್ದದ್ದಕ್ಕಿಂತ ಚೆಂದ ಮಾಡಿ ಬರೆದಿದ್ದನಂತೆ. ಫೋಟೋ ಅಂದಕೂಡಲೇ ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆಯುವ ಹಾಗೆ.

ಅರಮನೆ ಪಕ್ಕ ಹುಲ್ಲಿನ ಮೇಲೆ ರಾಜನ ಕಂಬದ ಹಳೇ ತುಂಡುಗಳು ಬಿದ್ದಿವೆ. ಕಲ್ಲಿನ ತುಂಬ ಗುಳಿಗಳು. ಒಂದರಲ್ಲಿ ಹೆಬ್ಬೆರಳು ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಹೊಸ ಕಂಬಕ್ಕಿಂತ ಇದರ ಹತ್ತಿರವೇ ನಾನು ಜಾಸ್ತಿ ಹೊತ್ತು ನಿಂತಿದ್ದೆ.

ಕೊಲ್ಲಾಪುರದ ಹತ್ತಿರ ಬಿಳಿ ಜನರ ಕ್ಯಾಂಪ್ ಇತ್ತು ಅಂತ ಅಜ್ಜ ಹೇಳುತ್ತಿದ್ದ, ಅಲ್ವಾ? ನಾವು ನಗುತ್ತಿದ್ದೆವು. ಅವರು ಈ ದೇಶದವರೇ! ವಳಿವಡೆಯಲ್ಲಿ 1943ರಿಂದ 48ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮ ನಿಪ್ಪಾಣಿಯಿಂದ ಅದೇನು ಬಹಳ ದೂರವಲ್ಲ!

ಅಪ್ಪ, ಮನೆ ಕೆಡವಬೇಡಿ ಅನ್ನುವುದಿಲ್ಲ. 2019ರಲ್ಲಿ ವೇದಗಂಗೆ ಒಳಗೆ ಬಂದು ಹೋದ ಮೇಲೆ ಹಿಂದಿನ ಗೋಡೆ ಬಾಯಿಬಿಟ್ಟಿದೆ, ಅದರಡಿ ಮಲಗುವುದು ಬೇಡ. ಆದರೆ ಜೆಸಿಬಿ ಕರೆಸುವ ಮೊದಲು ಒಂದು ದಿನ ಅಳತೆ ತಗೊಳ್ಳಿ. ಟೇಪಿನ ಒಂದು ತುದಿ ತಮ್ಮ ಹಿಡಿಯಲಿ, ತಂಗಿ ಚೌಕುಳಿ ವಹಿಯಲ್ಲಿ ಬರೆಯಲಿ. ತಲಬಾಗಿಲ ಎತ್ತರ, ಪಡಸಾಲೆಯ ಕಂಬಗಳ ನಡುವಿನ ಜಾಗ, ಅವ್ವ ದೀಪ ಇಡುವ ಮಾಡ ನೆಲದಿಂದ ಎಷ್ಟು ಮೇಲಿದೆ, ಎಲ್ಲ ಬೇಕು. ಅಟ್ಟದ ಮೆಟ್ಟಿಲು ಒಂದರಂತೆ ಒಂದಿಲ್ಲ. ಎಲ್ಲ ಸಮ ಅಂತ ಬರೆದುಬಿಡಬೇಡ ಅಂತ ತಂಗಿಗೆ ಹೇಳಿ. ನಾಲ್ಕನೆಯದರಲ್ಲಿ ನಾನು ಎಷ್ಟು ಸಲ ಎಡವಿದ್ದೇನೆ!

ನಿಮ್ಮ ಮಗ